ಲಾಗಿನ್ ಆದೊಡನೆ ಏಳುವ ಪ್ರೋಗ್ರಾಂಗಳು: ಉಡುಪಿಯಿಂದಲೇ ನಿಭಾಯಿಸಿದ ನನ್ನ ಅನುಭವ

ಉಡುಪಿಯ ಒಂದು ಸಹಕಾರ ಸಂಘದ ಗಣಕಯಂತ್ರಗಳ ಹೊಣೆ ನನ್ನದು. ಪ್ರಧಾನ ಕಚೇರಿ ಮತ್ತು ಕಾಪು, ಕಾರ್ಕಳ, ಕುಂದಾಪುರದ ಶಾಖೆಗಳು ಸೇರಿ 38 ಯಂತ್ರಗಳಿವೆ. ಪ್ರಿಂಟರ್, ಸ್ಕ್ಯಾನರ್‌ಗಳ ಜೊತೆಗೆ ಬಂದ ಹತ್ತಾರು ತಂತ್ರಾಂಶಗಳು ಲಾಗಿನ್ ಆದೊಡನೆ ಒಟ್ಟಿಗೆ ಏಳುತ್ತಿದ್ದುದರಿಂದ ಬೆಳಿಗ್ಗೆ ಕೌಂಟರ್ ತೆರೆಯುವುದು ತಡವಾಗುತ್ತಿತ್ತು. ಎರಡು ಮಳೆಗಾಲ ನಾನು ಶಾಖೆಯಿಂದ ಶಾಖೆಗೆ ಬಸ್ಸಿನಲ್ಲಿ ಹೋಗಿ, ಟಾಸ್ಕ್ ಮ್ಯಾನೇಜರ್ ತೆರೆದು ಒಂದೊಂದನ್ನೇ ನಿಲ್ಲಿಸಿ ಬಂದೆ. ಆಮೇಲೆ ಈ ಕೆಲಸವನ್ನು ನೆಟ್‌ವರ್ಕ್ ಮೂಲಕವೇ ಮಾಡಲು ನಿರ್ಧರಿಸಿದೆ.

ವಿಂಡೋಸ್ ತನ್ನ ಮತ್ತು ತಂತ್ರಾಂಶಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ಕೋಶಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ. ಅದನ್ನು ಬೇರೆ ಯಂತ್ರದಿಂದ ತಿದ್ದಲು ಬಿಡುವ ರಿಮೋಟ್ ರಿಜಿಸ್ಟ್ರಿ ಸೇವೆ ವಿಂಡೋಸ್ 10ರಲ್ಲಿ ಮೊದಲಿನಿಂದಲೇ ನಿಷ್ಕ್ರಿಯವಾಗಿರುತ್ತದೆ. ಹಣಕಾಸಿನ ಸಂಸ್ಥೆಯಲ್ಲಿ ಅದನ್ನು ಹಾಗೆಯೇ ಬಿಡುವುದು ಕ್ಷೇಮವೆನಿಸಿತು. ಬದಲಿಗೆ ಗ್ರೂಪ್ ಪಾಲಿಸಿಯ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕುವ ವ್ಯವಸ್ಥೆಯ) ಮೂಲಕ, ದೂರದ ಯಂತ್ರದಲ್ಲಿ ಆದೇಶಗಳನ್ನು ನಡೆಸುವ ಪವರ್‌ಶೆಲ್ ರಿಮೋಟಿಂಗ್ ತೆರೆದು, ಅದು ಬಳಸುವ 5985ನೇ ಪೋರ್ಟ್‌ಗೆ (ನೆಟ್‌ವರ್ಕ್‌ನ ಬಾಗಿಲಿಗೆ) ನನ್ನ ಯಂತ್ರದ ವಿಳಾಸದಿಂದ ಮಾತ್ರ ಪ್ರವೇಶ ಸಿಗುವಂತೆ ಫೈರ್‌ವಾಲ್‌ನಲ್ಲಿ ನಿಯಮ ಹಾಕಿದೆ.

ಮೊದಲ ದಿನ ಎಲ್ಲರೂ ಮನೆಗೆ ಹೋದ ಮೇಲೆ, ಯಂತ್ರಗಳನ್ನು ಆಫ್ ಮಾಡದಿರಲು ಹೇಳಿ, ಲಾಗಿನ್ ಆದೊಡನೆ ಏಳುವ ಪ್ರೋಗ್ರಾಂಗಳ ಪಟ್ಟಿ ತೆಗೆದೆ. ಹಗಲು ಕಣ್ಣಾರೆ ಕಂಡಿದ್ದ ಎಷ್ಟೋ ಹೆಸರುಗಳು ಅದರಲ್ಲಿರಲಿಲ್ಲ. ಕಾರಣ ತಿಳಿಯಲು ಅರ್ಧ ರಾತ್ರಿ ಹಿಡಿಯಿತು. ರಿಜಿಸ್ಟ್ರಿಯಲ್ಲಿ ಇಂಥ ಪ್ರೋಗ್ರಾಂಗಳನ್ನು ಬರೆದಿಡುವ ‘ರನ್’ ಎಂಬ ಕೀ (ಫೋಲ್ಡರ್‌ನಂಥ ವಿಭಾಗ) ಇಡೀ ಯಂತ್ರಕ್ಕೆ ಒಂದು, ಪ್ರತಿ ಬಳಕೆದಾರನಿಗೆ ಬೇರೊಂದು ಇರುತ್ತದೆ. ಬಳಕೆದಾರನ ಭಾಗವು ಆತ ಲಾಗಿನ್ ಆಗಿರುವಾಗ ಮಾತ್ರ ರಿಜಿಸ್ಟ್ರಿಗೆ ಸೇರಿಕೊಂಡಿರುತ್ತದೆ, ಉಳಿದ ಹೊತ್ತು ಅವನ ಪ್ರೊಫೈಲ್‌ನ ಕಡತದಲ್ಲಿ ಮಲಗಿರುತ್ತದೆ. ಅಂದಿನಿಂದ ಪಟ್ಟಿಯನ್ನು ಸಿಬ್ಬಂದಿ ಕೆಲಸದಲ್ಲಿರುವಾಗಲೇ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ತೆಗೆಯುತ್ತೇನೆ. 64 ಬಿಟ್ ಯಂತ್ರಗಳಲ್ಲಿ ಹಳೆಯ 32 ಬಿಟ್ ತಂತ್ರಾಂಶಗಳಿಗೆ ಪ್ರತ್ಯೇಕ ಕೀ ಇರುವುದನ್ನೂ, ಪ್ರೋಗ್ರಾಂಗಳನ್ನು ಏಳಿಸಬಲ್ಲ ಟಾಸ್ಕ್ ಶೆಡ್ಯೂಲರ್ ಮತ್ತು ಸ್ಟಾರ್ಟ್‌ಅಪ್ ಫೋಲ್ಡರ್‌ಗಳನ್ನೂ ನೋಡದಿದ್ದರೆ ಪಟ್ಟಿ ಪೂರ್ಣವಾಗುವುದಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಅಳಿಸಿದ್ದು. ಹೆಸರಿನಿಂದ ಏನೆಂದು ಗುರುತಾಗದ ಒಂದು ನಮೂದನ್ನು ಎಲ್ಲ ಯಂತ್ರಗಳಿಂದ ತೆಗೆದುಹಾಕಿದೆ. ಮರುದಿನ ಕುಂದಾಪುರದ ಗುಮಾಸ್ತರೊಬ್ಬರು ಫೋನ್ ಮಾಡಿ, “ಕನ್ನಡ ಟೈಪೇ ಆಗುವುದಿಲ್ಲ ಮಾರಾಯ್ರೆ, ನೋಟಿಸು ಇವತ್ತೇ ಕಳಿಸಬೇಕಿತ್ತು” ಎಂದರು. ಅದು ಕನ್ನಡ ಕೀಲಿಮಣೆಯ ತಂತ್ರಾಂಶದ್ದಾಗಿತ್ತು. ಅದನ್ನು ಆರಂಭಿಸುವ ಆದೇಶದ ಸಾಲನ್ನು ನಾನು ಎಲ್ಲಿಯೂ ಬರೆದಿಟ್ಟಿರದ ಕಾರಣ, ಬಳಕೆಯಿಲ್ಲದೆ ಮೂಲೆಯಲ್ಲಿದ್ದ ಒಂದು ಯಂತ್ರದಿಂದ ನಕಲಿಸಿಕೊಂಡು ಎಲ್ಲೆಡೆ ಮರಳಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು.

ಈಗ ಏನನ್ನೂ ಅಳಿಸುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಷ್ಕ್ರಿಯಗೊಳಿಸಿದಾಗ ವಿಂಡೋಸ್ ಮೂಲ ನಮೂದನ್ನು ಮುಟ್ಟದೆ, ‘ಸ್ಟಾರ್ಟ್‌ಅಪ್ ಅಪ್ರೂವ್ಡ್’ ಎಂಬ ಇನ್ನೊಂದು ಕೀಯಲ್ಲಿ ಗುರುತು ಹಾಕುತ್ತದೆ. ಅಲ್ಲಿ ಆ ಪ್ರೋಗ್ರಾಂನ ಹೆಸರಿನೆದುರು ಇರುವ ಮೌಲ್ಯದ ಮೊದಲ ಬೈಟ್ 02 ಇದ್ದರೆ ಪ್ರೋಗ್ರಾಂ ಏಳುತ್ತದೆ, 03 ಇದ್ದರೆ ಏಳುವುದಿಲ್ಲ. ನಾನೂ ಅದನ್ನೇ ಬದಲಿಸುತ್ತೇನೆ. ಮೊದಲು ಪ್ರತಿ ಯಂತ್ರದ ಪಟ್ಟಿಯನ್ನು ದಿನಾಂಕದ ಹೆಸರಿನ ಕಡತದಲ್ಲಿ ಉಳಿಸಿ, ಕಾಪು ಶಾಖೆಯ ಒಂದೇ ಯಂತ್ರದಲ್ಲಿ ಪ್ರಯೋಗಿಸಿ, ಅಲ್ಲಿಯ ಸಿಬ್ಬಂದಿ ಎರಡು ದಿನ ಕೆಲಸ ಮಾಡಿ ತೊಂದರೆಯಿಲ್ಲವೆಂದು ತಿಳಿಸಿದ ಮೇಲಷ್ಟೇ ಉಳಿದ 37ಕ್ಕೆ ಕಳುಹಿಸುತ್ತೇನೆ.