ಮಾಯೆಗೂ ಲೆಕ್ಕ ಉಂಟು: ಹದಿಹರೆಯದವರ ಫ್ಯಾಂಟಸಿ ಓದಿ ವಿಮರ್ಶೆ ಬರೆಯುವ ಕ್ರಮ

ಜೂನ್ 19 ಕೇರಳದಲ್ಲಿ ವಾಚನ ದಿನ. ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡದ್ದು 1995ರ ಆ ದಿನ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಆ ವಾರವಿಡೀ ಪುಸ್ತಕದ್ದೇ ಗೌಜಿ. ಮಕ್ಕಳು ಓದಿದ ಪುಸ್ತಕದ ಬಗ್ಗೆ ಆಸ್ವಾದನ ಟಿಪ್ಪಣಿ ಬರೆಯುತ್ತಾರೆ, ಕೈಬರಹ ಪತ್ರಿಕೆ ತರುತ್ತಾರೆ. ಹೈಸ್ಕೂಲಿನ ಮಕ್ಕಳಲ್ಲಿ ಕೆಲವರು ಇಂಗ್ಲಿಷಿನ ಯಂಗ್ ಅಡಲ್ಟ್ (ಹದಿಹರೆಯದವರ) ಫ್ಯಾಂಟಸಿ, ಪಾರಾನಾರ್ಮಲ್ (ಪ್ರೇತ, ವ್ಯಾಂಪೈರ್ ಬರುವ) ಕಾದಂಬರಿಗಳನ್ನು ರಾತ್ರಿ ಕೂತು ಓದಿ ಮುಗಿಸುತ್ತಾರೆ. ಆದರೆ ಬರೆಯಲು ಕೂತಾಗ ಟಿಪ್ಪಣಿ "ಕತೆ ಕುತೂಹಲಕಾರಿಯಾಗಿದೆ, ಎಲ್ಲರೂ ಓದಲೇಬೇಕು" ಎಂಬಲ್ಲಿಗೆ ನಿಂತುಬಿಡುತ್ತದೆ. ಓದಿದ್ದು ಕಡಿಮೆಯಾಗಿ ಹೀಗಾಗುವುದಲ್ಲ. ಇಂಥ ಪುಸ್ತಕದಲ್ಲಿ ಏನನ್ನು ಗುರುತು ಹಾಕಿಕೊಳ್ಳಬೇಕು ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ.

ಫ್ಯಾಂಟಸಿಯಲ್ಲಿ ಏನು ಬೇಕಾದರೂ ನಡೆಯುತ್ತದೆ ಎನ್ನುವವರಿದ್ದಾರೆ. ಅದು ತಪ್ಪು. ಕುಂಬಳೆ ಸೀಮೆಯ ತಾಳಮದ್ದಳೆ ಪ್ರೇಕ್ಷಕರು ಕಪಿಗಳು ಮಾತಾಡುವುದನ್ನು ತಕರಾರಿಲ್ಲದೆ ಒಪ್ಪುತ್ತಾರೆ, ಆದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿ ಹತ್ತು ನಿಮಿಷದ ಹಿಂದೆ ತಾನೇ ಆಡಿದ ಮಾತಿಗೆ ವಿರುದ್ಧ ಹೋದರೆ ತಟ್ಟನೆ ಹಿಡಿಯುತ್ತಾರೆ. ಫ್ಯಾಂಟಸಿಯನ್ನೂ ಹಾಗೆಯೇ ಓದಬೇಕು. ಪುಸ್ತಕ ತಾನೇ ಹಾಕಿಕೊಂಡ ನಿಯಮ ಯಾವುದು, ಮಾಯೆಗೆ ತೆರಬೇಕಾದ ಬೆಲೆ ಏನು, ಆ ಬೆಲೆಯನ್ನು ಕೊನೆಯವರೆಗೆ ತೆತ್ತರೋ ಇಲ್ಲವೋ? ವಿಮರ್ಶೆಯ ಮುಕ್ಕಾಲು ಕೆಲಸ ಇದೇ.

ತೆರೆಯುವ ಮೊದಲು

ಪ್ರಕಾಶಕರ ಲೆಕ್ಕದಲ್ಲಿ 8ರಿಂದ 12 ವರ್ಷದವರಿಗೆ ಮಿಡ್ಲ್ ಗ್ರೇಡ್, 12ರಿಂದ 18ರವರಿಗೆ ಯಂಗ್ ಅಡಲ್ಟ್, ಅದರಾಚೆ ನ್ಯೂ ಅಡಲ್ಟ್. ಮುಖಪುಟ ನೋಡಿ ಇದನ್ನು ತೀರ್ಮಾನಿಸಬೇಡಿ. ಕಾರ್ಟೂನಿನಂಥ ಚಿತ್ರವಿರುವ ಎಷ್ಟೋ ಪ್ರಣಯ ಫ್ಯಾಂಟಸಿಗಳು ಪೂರ್ತಿ ವಯಸ್ಕರಿಗಾಗಿ ಬರೆದವು. ಅಂಗಡಿಯಲ್ಲಿ ಅವು ಮಕ್ಕಳ ಪುಸ್ತಕದ ಪಕ್ಕದಲ್ಲೇ ಇರುತ್ತವೆ. ಹಿಂಬದಿಯ ವಯಸ್ಸಿನ ಸೂಚನೆ, ಹಕ್ಕುಪುಟದಲ್ಲಿರುವ ವರ್ಗೀಕರಣ, ಪ್ರಕಾಶಕರ ಜಾಲತಾಣ, ಈ ಮೂರನ್ನೂ ನೋಡಿ. ಏಳನೆಯ ತರಗತಿಯ ಕೈಗೆ ಹೋಗುವ ಶಾಲಾ ಗ್ರಂಥಾಲಯದ ಪ್ರತಿಯಾದರೆ ಇದನ್ನು ತಪ್ಪಿಸಲೇಬಾರದು.

ಸರಣಿಯ ಎಷ್ಟನೆಯ ಭಾಗ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಈ ಪ್ರಕಾರದಲ್ಲಿ ಒಂಟಿ ಕಾದಂಬರಿಗಿಂತ ತ್ರಿವಳಿಯೇ ಹೆಚ್ಚು, ಪುಟವೂ ಬೆಳೆಯುತ್ತಾ ಹೋಗುತ್ತದೆ. ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಬ್ರಿಟಿಷ್ ಮುದ್ರಣದಲ್ಲಿ 223 ಪುಟ, ಐದನೆಯದು 766. ಮೊದಲ ಭಾಗದ ವಿಮರ್ಶೆ ಓದಿ ಪುಸ್ತಕ ಎತ್ತಿಕೊಳ್ಳುವ ಹುಡುಗಿಗೆ ತಾನು ಎಷ್ಟು ದೂರದ ದಾರಿಗೆ ಹೊರಟಿದ್ದೇನೆ ಎಂದು ಗೊತ್ತಿರಬೇಕು.

ಓದುವಾಗ ಇಡುವ ಲೆಕ್ಕ

ಗ್ರಂಥಾಲಯದ ಪ್ರತಿಗೆ ಪೆನ್ನು ತಾಗಿಸಬಾರದು, ಅದು ಗೊತ್ತಿದ್ದದ್ದೇ. ಅಂಟು ಚೀಟಿಯೂ ಬೇಡ. ನಮ್ಮ ಆಟಿ ತಿಂಗಳ (ಮಳೆಗಾಲದ ತುಳು ತಿಂಗಳು) ಥಂಡಿಗೆ ಕಾಗದ ತೇವ ಎಳೆದು ಮೆತ್ತಗಾಗಿರುತ್ತದೆ. ವಾರ ಬಿಟ್ಟು ಚೀಟಿ ಕಿತ್ತರೆ ಅಕ್ಷರದ ಮೇಲ್ಪದರವೂ ಜೊತೆಗೆ ಬರಬಹುದು. ಬೆರಳಗಲದ ಬಿಳಿ ಕಾಗದದ ಪಟ್ಟಿ ಸಾಕು. ಅಚ್ಚಾದ ಪತ್ರಿಕೆಯ ಚೂರಾದರೆ ಮಸಿ ಹಿಡಿಯುತ್ತದೆ. ಪಟ್ಟಿಯ ಮೇಲೆ ಒಂದೇ ಅಕ್ಷರ ಬರೆಯಿರಿ: 'ನಿ' ನಿಯಮಕ್ಕೆ, 'ಬೆ' ಬೆಲೆಗೆ, 'ಪ್ರ' ಪ್ರಶ್ನೆಗೆ. ಅಧ್ಯಾಯ ಮುಗಿದ ಮೇಲೆ ನೋಟು ಪುಸ್ತಕಕ್ಕೆ ಇಳಿಸಿ. ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಬರೆದರೆ ಕತೆಯ ಓಟ ತಪ್ಪುತ್ತದೆ, ಆಮೇಲೆ "ಕತೆ ನಿಧಾನ" ಎಂಬ ದೂರು ಪುಸ್ತಕದ ತಲೆಗೆ ಬೀಳುತ್ತದೆ.

ಇಲ್ಲೊಂದು ಮಾದರಿ. ಪುಸ್ತಕ ಕಲ್ಪನೆಯದ್ದು. ನಾಯಕಿಗೆ ಹದಿನಾರು ವರ್ಷ, ಸತ್ತವರೊಡನೆ ಮಾತಾಡುವ ಶಕ್ತಿ ಇದೆ.

ಪು. 38, ನಿ: ಬಾವಿಯಿಂದ ಸೇದಿದ ನೀರು ಬೊಗಸೆಯಲ್ಲಿದ್ದರೆ ಮಾತ್ರ ದನಿ ಕೇಳುತ್ತದೆ.
ಪು. 61, ಬೆ: ಒಂದು ಸಲ ಮಾತಾಡಿದರೆ ಒಂದು ನೆನಪು ಹೋಗುತ್ತದೆ. ಅಮ್ಮನ ಹಾಡು ಮರೆತಳು.
ಪು. 204, ಪ್ರ: ಮೂರು ಸಲ ಮಾತಾಡಿದಳು. ಏನು ಮರೆತಳು?
ಪು. 331, ಪ್ರ: ನೀರಿಲ್ಲದೆ ದನಿ ಕೇಳಿತು. ಕಾರಣ "ಪ್ರೀತಿಯ ಬಲ".

ನಾಲ್ಕೇ ಸಾಲು, ಆದರೆ ವಿಮರ್ಶೆಯ ಬೆನ್ನೆಲುಬು ಇದರಲ್ಲಿದೆ. ಬೆಲೆಯನ್ನು 61ನೆಯ ಪುಟದಲ್ಲಿ ಮನ ಕರಗುವಂತೆ ಹೇಳಿದ ಲೇಖಕರು 204ಕ್ಕೆ ಬರುವಾಗ ಅದನ್ನು ಮರೆತಿದ್ದಾರೆ. 331ರಲ್ಲಿ ನಿಯಮವನ್ನೇ ಬಿಟ್ಟಿದ್ದಾರೆ. ಹಾಗೆಂದು ತಕ್ಷಣ ತೀರ್ಪು ಕೊಡಬೇಡಿ, ಹಿಂದಕ್ಕೆ ಹೋಗಿ ಹುಡುಕಿ. 152ನೆಯ ಪುಟದಲ್ಲಿ ಅವಳು ಜಡಿಮಳೆಯಲ್ಲಿ ನಿಂತಿದ್ದಾಗ ಅರೆಗಳಿಗೆ ಯಾರೋ ಕರೆದಂತಾಯಿತು ಎಂಬ ಒಂದು ಸಾಲು ಇದ್ದು, 331ರಲ್ಲಿ ಅವಳ ಕೆನ್ನೆ ಕಣ್ಣೀರಿನಿಂದ ಒದ್ದೆಯಾಗಿದ್ದರೆ ಲೇಖಕರು ಬೀಜವನ್ನು ಮೊದಲೇ ಬಿತ್ತಿದ್ದಾರೆ ಎಂದಾಯಿತು. ಆಗ ಅದು ದೋಷವಲ್ಲ, ಪುಸ್ತಕದ ಅತ್ಯಂತ ಜಾಣ ಜಾಗ. ಫ್ಯಾಂಟಸಿ ವಿಮರ್ಶೆಯಲ್ಲಿ ಆಗುವ ದೊಡ್ಡ ಅನ್ಯಾಯ ಇದೇ: ಓದುವವರು ದಾಟಿಸಿಬಿಟ್ಟ ಸಾಲಿಗೆ ಬರೆದವರನ್ನು ದೂರುವುದು. ಆದ್ದರಿಂದ 'ಪ್ರ' ಗುರುತು ಬಿದ್ದಲ್ಲೆಲ್ಲ ಮರುಓದು ಕಡ್ಡಾಯ.

ಅಮೆರಿಕದ ಫ್ಯಾಂಟಸಿ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ 2007ರ ಒಂದು ಪ್ರಬಂಧದಲ್ಲಿ ಇದನ್ನು ಸೂತ್ರವಾಗಿ ಹೇಳಿದ್ದಾರೆ. ಮಾಯೆಯಿಂದ ಬಿಕ್ಕಟ್ಟು ಬಿಡಿಸಬೇಕಾದರೆ ಆ ಮಾಯೆ ಓದುಗರಿಗೆ ಎಷ್ಟು ಅರ್ಥವಾಗಿದೆಯೋ ಅಷ್ಟೇ ಮಟ್ಟಿಗೆ ಆ ಪರಿಹಾರ ಒಪ್ಪಿಗೆಯಾಗುತ್ತದೆ. ಎಲ್ಲ ಮಾಯೆಗೂ ಕಟ್ಟುನಿಟ್ಟಿನ ನಿಯಮ ಬೇಕೆಂದು ಇದರ ಅರ್ಥವಲ್ಲ. ನಿಗೂಢವಾಗಿಯೇ ಇರುವ ಮಾಯೆ ವಿಸ್ಮಯ ಹುಟ್ಟಿಸಲಿ, ಭಯ ಹುಟ್ಟಿಸಲಿ, ತೊಂದರೆ ತರಲಿ. ಕೊನೆಯ ಯುದ್ಧವನ್ನು ಗೆದ್ದುಕೊಡಬಾರದು. ನಿಮ್ಮ ಕೈಯಲ್ಲಿರುವ ಪುಸ್ತಕ ಯಾವ ಬಗೆಯದ್ದು ಎಂದು ಅರ್ಧ ದಾಟುವ ಮೊದಲೇ ನಿರ್ಧರಿಸಿಕೊಂಡರೆ ಅಳತೆಗೋಲು ತಪ್ಪುವುದಿಲ್ಲ.

ಗತಿ ನೋಡಲು ಪುಟಗಳನ್ನು ನಾಲ್ಕು ಪಾಲು ಮಾಡಿ. 400 ಪುಟದ ಪುಸ್ತಕದಲ್ಲಿ 100ರ ಆಸುಪಾಸು ನಾಯಕಿ ಹಿಂತಿರುಗಲಾಗದ ಹೆಜ್ಜೆ ಇಟ್ಟಿರಬೇಕು, 200ರಲ್ಲಿ ಅವಳ ತಿಳಿವಳಿಕೆ ತಲೆಕೆಳಗಾಗಬೇಕು, 300ರಲ್ಲಿ ಏನನ್ನಾದರೂ ಕಳೆದುಕೊಂಡಿರಬೇಕು. ಇದು ಶಾಸ್ತ್ರವೇನಲ್ಲ. ಬೇಸರ ಬಂದದ್ದೆಲ್ಲಿ ಎಂದು ಬೆರಳಿಟ್ಟು ತೋರಿಸಲು ಒಂದು ಆಸರೆ ಮಾತ್ರ.

ಪ್ರೇತ, ಯಕ್ಷಿ, ದೈವ

ಪಾರಾನಾರ್ಮಲ್ ಕಾದಂಬರಿಯ ನೆಲ ಬೇರೆ. ಇಲ್ಲಿ ಹೊಸ ಲೋಕವಿಲ್ಲ; ನಮ್ಮ ಶಾಲೆ, ಬಸ್‌ಸ್ಟ್ಯಾಂಡು, ಅಡುಗೆಮನೆಯೊಳಕ್ಕೇ ಅಸಹಜವಾದದ್ದು ಕಾಲಿಡುತ್ತದೆ. ಸಾಹಿತ್ಯ ಚಿಂತಕ ತ್ಸ್ವೆತಾನ್ ತೊಡೊರೊವ್ 1970ರಲ್ಲಿ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ: ನಡೆದದ್ದು ಭ್ರಮೆಯೋ ನಿಜವೋ ಎಂಬ ಹೊಯ್ದಾಟ ಇರುವವರೆಗೆ ಮಾತ್ರ ಅದ್ಭುತದ ಬಿಗಿ. ಪ್ರೇತ ಖಚಿತವಾದ ಪುಟವನ್ನು ಗುರುತು ಮಾಡಿ. 20ನೆಯ ಪುಟದಲ್ಲೇ ಖಚಿತವಾದರೆ ಉಳಿದ ಭಯವನ್ನು ಬೇರೇನಾದರೂ ಹೊರಬೇಕು. ಪಾತ್ರದ ಅಪರಾಧಭಾವವೋ, ಮನೆಯವರ ಮುಚ್ಚುಮರೆಯೋ ಆ ಹೊರೆ ಹೊತ್ತಿದೆಯೇ ನೋಡಿ. ದೊಡ್ಡವರಿಗೆ ಏಕೆ ಏನೂ ಗೊತ್ತಾಗುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಬೇಕು; ಅಪ್ಪ ಅಮ್ಮನನ್ನು ಸುಮ್ಮನೆ ಪರವೂರಿಗೆ ಕಳಿಸಿಬಿಡುವುದು ದುರ್ಬಲ ಉಪಾಯ.

ಈ ಜಾಗದಲ್ಲಿ ಗಡಿನಾಡಿನ ಓದುಗರಿಗೆ ಒಂದು ಹೆಚ್ಚುಗಾರಿಕೆ ಇದೆ, ಅದನ್ನು ಧೈರ್ಯದಿಂದ ಬಳಸಬೇಕು. ಮಲಯಾಳ ನಾಡಿನ ಕತೆಗಳ ಯಕ್ಷಿ ದಾರಿಹೋಕರಲ್ಲಿ ಸುಣ್ಣ ಕೇಳುತ್ತಾಳೆ, ಮಂತ್ರವಾದಿ ಅವಳನ್ನು ಕಬ್ಬಿಣದ ಮೊಳೆಯಿಂದ ಮರಕ್ಕೆ ಬಂಧಿಸುತ್ತಾನೆ. ಯುರೋಪಿನ ಜನಪದದಲ್ಲೂ ಫೇರಿಗಳಿಗೆ ಕಬ್ಬಿಣ ಆಗದು. ಇಂಗ್ಲಿಷ್ ಕಾದಂಬರಿಯ ನಾಯಕ ಕಬ್ಬಿಣದ ಸರಳು ಹಿಡಿದು ನಿಂತಾಗ ಅದು ಲೇಖಕರ ಹೊಸ ಕಲ್ಪನೆಯಲ್ಲ, ಹಳೆಯ ನಂಬಿಕೆಯ ಮರುಬಳಕೆ ಎಂದು ಇಲ್ಲಿನ ವಿಮರ್ಶಕರು ಗುರುತಿಸಬಲ್ಲರು. ಹಳೆಯ ನಿಯಮಕ್ಕೆ ಹೊಸತೇನು ಸೇರಿತು ಎಂಬ ಒಳ್ಳೆಯ ಪ್ರಶ್ನೆಯನ್ನೂ ಎತ್ತಬಲ್ಲರು.

ಭೂತಕೋಲ, ತೆಯ್ಯಂ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಪಂಜುರ್ಲಿ, ಗುಳಿಗ ಇಲ್ಲಿನ ಮನೆಮನೆಗಳಲ್ಲಿ ಆರಾಧನೆ ಪಡೆಯುವ ದೈವಗಳು. ಪಾಶ್ಚಾತ್ಯ ಕಾದಂಬರಿಯ ದೆವ್ವವನ್ನು "ನಮ್ಮ ಗುಳಿಗನ ಹಾಗೆ" ಎಂದು ಬರೆದರೆ ಎರಡಕ್ಕೂ ತಪ್ಪು ಚಿತ್ರ ಕೊಟ್ಟಂತೆ. ದೈವವನ್ನೇ ಪಾತ್ರವಾಗಿಸಿದ ಕಾದಂಬರಿ ಸಿಕ್ಕಿದರೆ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟ: ದೈವದ ಹುಟ್ಟು-ಚರಿತ್ರೆ ಹಾಡುವ ಪಾಡ್ದನದ ಕತೆ ಲೇಖಕರಿಗೆ ಗೊತ್ತಿದೆಯೇ? ದೈವ ಕಟ್ಟುವ ಸಮುದಾಯದವರು ಕತೆಯಲ್ಲಿ ಮನುಷ್ಯರಾಗಿ ಬಂದಿದ್ದಾರೆಯೇ, ಇಲ್ಲ ಬಣ್ಣ ಮತ್ತು ಬೆಂಕಿಯ ಹಿನ್ನೆಲೆಯಾಗಿ ಮಾತ್ರವೇ?

ಪ್ರಣಯದ ಬಗ್ಗೆ ನೇರವಾಗಿ ಬರೆಯಿರಿ. 2005ರಲ್ಲಿ ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' ಬಂದ ಮೇಲೆ ಹೈಸ್ಕೂಲು ಹುಡುಗಿಯನ್ನು ಪ್ರೀತಿಸುವ ವ್ಯಾಂಪೈರ್ ಈ ಪ್ರಕಾರದ ಮಾಮೂಲಿ ಪಾತ್ರವಾದ. ನೂರು ವರ್ಷ ದಾಟಿದವನು ಹದಿನೇಳರ ಹುಡುಗಿಯನ್ನು ಹಿಂಬಾಲಿಸುವುದು, ನಿದ್ದೆಯಲ್ಲಿರುವಾಗ ಬಂದು ನೋಡುವುದು, ಯಾರ ಜೊತೆ ಮಾತಾಡಬೇಕೆಂದು ತಾನೇ ನಿರ್ಧರಿಸುವುದು ಪ್ರೀತಿಯ ಲಕ್ಷಣವಾಗಿ ಬಂದಿದೆಯೇ? ಬಂದಿದ್ದರೆ ಪುಸ್ತಕ ಅದನ್ನು ಪ್ರಶ್ನಿಸುತ್ತದೆಯೇ? ಹದಿಮೂರರ ಓದುಗಾರ್ತಿಗೆ ಇದಕ್ಕೆ ಉತ್ತರವಾಗಿ ನೀವು ಬರೆಯುವ ಎರಡು ವಾಕ್ಯ ಉಳಿದೆಲ್ಲಕ್ಕಿಂತ ಮುಖ್ಯವಾಗಬಹುದು.

ಬರೆಯಲು ಕೂತಾಗ

ಶಾಲಾ ಪತ್ರಿಕೆಗಾದರೆ 300 ಪದ, ಬೇರೆಡೆಗೆ 600ರಿಂದ 700. ಕತೆಯ ಸಾರಾಂಶ ನಾಲ್ಕರಲ್ಲಿ ಒಂದು ಪಾಲು ದಾಟಬಾರದು, ಪುಸ್ತಕದ ಮೊದಲ ಮೂರನೆಯ ಒಂದು ಭಾಗದಾಚೆಗೆ ಹೋಗಲೂಬಾರದು. ಸಾಯುವವರು ಯಾರು, ದ್ರೋಹ ಮಾಡುವವರು ಯಾರು, ನಾಯಕಿಯ ನಿಜವಾದ ಹುಟ್ಟು ಯಾವುದು, ಈ ಮೂರನ್ನು ಬಿಟ್ಟುಕೊಡಬೇಡಿ. ಕೊನೆಯ ಬಗ್ಗೆ ಹೇಳದೆ ಆಗದು ಎನಿಸಿದರೆ ಘಟನೆ ಬಿಟ್ಟು ಗುಣ ಹೇಳಿ. ಮೇಲಿನ ಕಲ್ಪಿತ ಪುಸ್ತಕಕ್ಕೆ ವಾಕ್ಯ ಹೀಗೆ ಬರಬಹುದು: "ಮೊದಲ ಅರ್ಧದಲ್ಲಿ ಒಂದೊಂದು ಮಾತಿಗೂ ಒಂದೊಂದು ನೆನಪು ತೆರುವ ಈ ಹುಡುಗಿ, ಕತೆ ಬಿರುಸಾದ ಮೇಲೆ ಪುಕ್ಕಟೆಯಾಗಿ ಮಾತಾಡುತ್ತಾಳೆ, ಹಾಗಾಗಿ ಕೊನೆಯ ಗೆಲುವು ಅವಳು ದುಡಿದು ಪಡೆದದ್ದು ಅನಿಸುವುದಿಲ್ಲ." ಇಲ್ಲಿ ಗುಟ್ಟು ರಟ್ಟಾಗಿಲ್ಲ, ತಕರಾರೂ ಮುಚ್ಚಿಲ್ಲ.

"ಪಾತ್ರಗಳು ಚೆನ್ನಾಗಿವೆ", "ಭಾಷೆ ಸುಂದರ" ಎಂದು ಬರೆದ ಕಡೆಯೆಲ್ಲ ಒಂದು ಉದಾಹರಣೆ ಇಡಿ, ಇಲ್ಲದಿದ್ದರೆ ವಾಕ್ಯ ಹೊಡೆದುಹಾಕಿ. ಎತ್ತಿಕೊಂಡ ಸಾಲು ಅಕ್ಷರಶಃ ಇರಲಿ, ಪುಟ ಮತ್ತು ಮುದ್ರಣ ಸೂಚಿಸಿ. ಬಿಡುಗಡೆಗೆ ಮೊದಲು ಕೊಟ್ಟ ಪ್ರತಿಯಾಗಿದ್ದರೆ ಅಚ್ಚಾದ ಪುಸ್ತಕದೊಡನೆ ತಾಳೆ ನೋಡದೆ ಉಲ್ಲೇಖಿಸಬೇಡಿ, ಕೊನೆಯ ತಿದ್ದುಪಡಿಯಲ್ಲಿ ಸಾಲು ಬದಲಾಗಿರಬಹುದು. ಪ್ರತಿ ಉಚಿತವಾಗಿ ಬಂದಿದ್ದರೆ ಅದನ್ನು ಒಂದು ಸಾಲಿನಲ್ಲಿ ತಿಳಿಸಿ. ಅನುವಾದವಾದರೆ ಅನುವಾದಕರ ಹೆಸರು ಲೇಖಕರ ಹೆಸರಿನ ಜೊತೆಯಲ್ಲೇ ಬರಬೇಕು.

ಹೆಸರುಗಳ ತೊಡಕು ಇದ್ದೇ ಇದೆ. ಫ್ಯಾಂಟಸಿಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರ ನೋಡಿ ಕನ್ನಡಕ್ಕೆ ಇಳಿಸಿದರೆ ಒಂದೇ ಪಾತ್ರ ಮೂರು ಬಗೆಯಾಗುತ್ತದೆ. ಕೆಲವು ಪುಸ್ತಕಗಳ ಕೊನೆಯಲ್ಲಿ ಉಚ್ಚಾರದ ಪಟ್ಟಿ ಇರುತ್ತದೆ, ಇಲ್ಲದಿದ್ದರೆ ಆಡಿಯೊ ಪುಸ್ತಕದ ಉಚಿತ ತುಣುಕು ಕೇಳಿ. ಒಮ್ಮೆ ನಿರ್ಧರಿಸಿದ ರೂಪವನ್ನು ಕೊನೆಯವರೆಗೂ ಬದಲಿಸಬೇಡಿ.

ತೀರ್ಪಿನಲ್ಲಿ ನಕ್ಷತ್ರಕ್ಕಿಂತ ವಿಳಾಸ ಮುಖ್ಯ. ಯಾರಿಗೆ ಹಿಡಿಸೀತು, ಯಾರಿಗೆ ಹಿಡಿಸಲಾರದು, ಇಂಗ್ಲಿಷ್ ಎಷ್ಟು ಕಠಿಣ, ರಕ್ತಪಾತ, ಆತ್ಮಹತ್ಯೆ, ಲೈಂಗಿಕ ಹಿಂಸೆ ಇವೆಯೇ ಎಂದು ಬಿಡಿಸಿ ಹೇಳಿ. ಮನೆಯಲ್ಲಿ ತುಳುವೋ ಮಲಯಾಳವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಇಂಗ್ಲಿಷ್ ಕಾದಂಬರಿಗೆ ಮೊದಲ ಸಲ ಕೈಹಾಕುವ ಮಕ್ಕಳು ಇಲ್ಲಿ ಇದ್ದಾರೆ. "ವಾಕ್ಯ ಚಿಕ್ಕವು, ಮೊದಲ 30 ಪುಟ ದಾಟಿದರೆ ಸಲೀಸು" ಎಂಬ ಮಾತು ಅವರಿಗೆ ಐದು ನಕ್ಷತ್ರಕ್ಕಿಂತ ಉಪಕಾರಿ. ಪುಸ್ತಕ ಅರ್ಧಕ್ಕೆ ಬಿಟ್ಟಿದ್ದರೆ ಎಷ್ಟನೆಯ ಪುಟದಲ್ಲಿ, ಯಾಕೆ ಎಂದು ಬರೆಯಿರಿ, ನಕ್ಷತ್ರ ಕೊಡಬೇಡಿ.

ಸರಣಿಯಾದರೆ ನಿಯಮ-ಬೆಲೆಯ ಆ ನೋಟು ಪುಟವನ್ನು ಹರಿದು ಎಸೆಯಬೇಡಿ. ಮುಂದಿನ ಭಾಗ ಬರಲು ವರ್ಷವೇ ಹಿಡಿಯಬಹುದು, ಅಷ್ಟರಲ್ಲಿ ಗ್ರಂಥಾಲಯದ ಪ್ರತಿ ಬೇರೆಯವರ ಕೈಯಲ್ಲಿರುತ್ತದೆ. ಎರಡನೆಯ ಭಾಗ ತೆರೆಯುವ ಮೊದಲು ಆ ಪುಟ ಓದಿಕೊಂಡರೆ, ಲೇಖಕರು ಹಳೆಯ ಸಾಲ ತೀರಿಸಿದ್ದಾರೋ ಹೊಸ ಶಕ್ತಿ ತಂದು ಅದನ್ನು ಮರೆಸಿದ್ದಾರೋ ಎಂದು ಹತ್ತು ಅಧ್ಯಾಯದೊಳಗೆ ಗೊತ್ತಾಗುತ್ತದೆ.