ದಿನಕ್ಕೊಂದೇ ಜಾಗ: ಚಿತ್ತಾ ಮಳೆಯ ವಾರದಲ್ಲಿ ನಾವಿಬ್ಬರು

ನಮ್ಮನೆಯವರು ಕುಮಟಾದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷ ಆಯ್ತು. ಒಂದು ವಾರ ಪೂರ್ತಿ ರಜೆ ಮಾಡಿದ್ದು 2024ರ ಅಕ್ಟೋಬರ್‌ನಲ್ಲೇ ಮೊದಲು. ದಸರಾ ಮುಗಿದಿತ್ತು, ದೀಪಾವಳಿ ವ್ಯಾಪಾರ ಶುರುವಾಗಿರಲಿಲ್ಲ, ಅಂಗಡಿ ನಾನು ನೋಡ್ಕೊಳ್ತೇನೆ ಅಂತ ಮೈದುನ ಹೇಳಿದ. ಮಗಳು ಹುಬ್ಬಳ್ಳಿ ಹಾಸ್ಟೆಲ್‌ನಲ್ಲಿದ್ದಾಳೆ. "ಎಲ್ಲಿಗಾದ್ರೂ ದೂರ ಹೋಗೋಣ್ವಾ?" ಅಂತ ಇವರು ಕೇಳಿದಾಗ ನಾನು ಬೇಡ ಅಂದೆ. ಅದರ ಹಿಂದಿನ ವರ್ಷ ಬಾಡಿಗೆ ಕಾರು ಮಾಡಿ ಒಂದೇ ದಿನದಲ್ಲಿ ಮುರ್ಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಜೋಗ ಎಲ್ಲ ಮುಗಿಸಿದ್ದೆವು. ರಾತ್ರಿ ಮನೆಗೆ ಬಂದಾಗ ಇಬ್ಬರಿಗೂ ಮಾತು ಬೇಡವಾಗಿತ್ತು. ಜೋಗದಲ್ಲಿ ನೀರು ಎಷ್ಟಿತ್ತು ಅಂತ ಕೇಳಿದರೆ ನನಗೆ ಈಗಲೂ ನೆನಪಿಲ್ಲ.

ಅದಕ್ಕೇ ಈ ಸಲ ಒಂದು ಮಾತು ಮಾಡಿಕೊಂಡೆವು. ದಿನಕ್ಕೆ ಒಂದೇ ಜಾಗ. ಬೈಕ್‌ನಲ್ಲೇ ಹೋಗೋದು.

ಸೋಮವಾರ ಗೋಕರ್ಣಕ್ಕೆ ಹೊರಟೆವು. ಹೈವೇ ಬಿಟ್ಟು ಬಾಡ, ಕಾಗಾಲ ಮೇಲೆ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ಬೋಟಿನಲ್ಲಿ ಆಚೆ ತದಡಿಗೆ ದಾಟೋದು. ಬೈಕನ್ನೂ ಬೋಟಿಗೆ ಹತ್ತಿಸಬಹುದು. ಇವರು ಬೈಕ್ ಹಿಡ್ಕೊಂಡು ನಿಂತರು, ನಾನು ಅಂಚಿಗೆ ಕೂತೆ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರದ ಬಾಯಿ, ನಡುವೆ ತದಡಿ ಬಂದರಿನ ಬೋಟುಗಳು, ಮೀನಿನ ವಾಸನೆ. ಕುಮಟಾದಲ್ಲಿ ಇಷ್ಟು ವರ್ಷ ಇದ್ದು ನಾನು ಈ ದಾರಿಯಲ್ಲಿ ಹೋಗಿದ್ದು ಎರಡನೇ ಸಲ ಅಷ್ಟೇ. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಊಟ, ಆಮೇಲೆ ಕುಡ್ಲೆ ಬೀಚಿನಲ್ಲಿ ಸುಮ್ನೆ ಕೂತೆವು, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಘಟ್ಟದ ಕಡೆ ಆಕಾಶ ಕಪ್ಪಾಯಿತು. ಚಿತ್ತಾ ನಕ್ಷತ್ರದ ಈ ಅಕ್ಟೋಬರ್ ಮಳೆಯ ಸ್ವಭಾವ ಇಲ್ಲಿಯವರಿಗೆಲ್ಲ ಗೊತ್ತು. ಆಷಾಢದ ಮಳೆ ಹಾಗೆ ದಿನವಿಡೀ ಸುರಿಯೋದಿಲ್ಲ. ಬೆಳಿಗ್ಗೆ ಹೊಳೆಯುವ ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ಪೂರ್ವದಿಂದ ಗುಡುಗು ಸಿಡಿಲು ಕಟ್ಟಿಕೊಂಡು ಬರ್ತದೆ. ಗೊತ್ತಿದ್ದೂ ನಾವು ಕೂತೇ ಇದ್ದೆವು. ತದಡಿಗೆ ಬರೋವಷ್ಟರಲ್ಲಿ ಗಾಳಿ ಎದ್ದಿತ್ತು, ಬೋಟ್ ಬಿಡೋದಿಲ್ಲ ಅಂದರು. ಅವರು ಹೇಳಿದ್ದು ಸರಿಯೇ, ಸಿಡಿಲಿನಲ್ಲಿ ಹೊಳೆ ದಾಟಿಸಿ ಅಂತ ಯಾರು ಕೇಳ್ತಾರೆ? ಹೈವೇ ಸುತ್ತಿ ಮೂವತ್ತು ಕಿಲೋಮೀಟರ್‌ಗಿಂತ ಜಾಸ್ತಿ ದಾರಿ ಮಳೆಯಲ್ಲೇ ಬಂದೆವು. ಮಿರ್ಜಾನ್ ದಾಟುವಾಗ ಒಂದು ಸಿಡಿಲು ಎಷ್ಟು ಹತ್ತಿರ ಬಿತ್ತು ಅಂದರೆ ನಾನು ಇವರ ಬೆನ್ನಿಗೆ ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದವಳು ಮನೆ ಬರೋವರೆಗೂ ತೆಗೆಯಲಿಲ್ಲ. ಅವತ್ತು ರಾತ್ರಿ ಎರಡನೇ ಮಾತು ಮಾಡಿದೆವು: ಬೆಳಗಾಗುವ ಮೊದಲೇ ಹೊರಡೋದು, ಎರಡು ಗಂಟೆಗೆ ಮನೆ. ಸಂಜೆ ಮೋಡ ಇಲ್ಲದಿದ್ದರೆ ಮಾತ್ರ ವನ್ನಳ್ಳಿ ಸಮುದ್ರದ ಕಡೆ.

ಮಂಗಳವಾರ ಮಿರ್ಜಾನ್ ಕೋಟೆ. ದಾರಿಯಲ್ಲಿ ಬನ್ಸ್ ತಿಂದು ಎಂಟಕ್ಕೆ ಅಲ್ಲಿದ್ದೆವು. ಅಕ್ಟೋಬರ್‌ನಲ್ಲಿ ಇದನ್ನು ನೋಡಲೇಬೇಕು. ಕೆಂಪು ಚಿರೆಕಲ್ಲಿನ ಗೋಡೆಗೆಲ್ಲ ಹಾವಸೆ ಹಿಡಿದು, ಕೈ ಇಟ್ಟರೆ ಒದ್ದೆ ಕಂಬಳಿ ಮುಟ್ಟಿದ ಹಾಗೆ. ಬೇಸಿಗೆಗೆ ಬಂದರೆ ಇದೆಲ್ಲ ಒಣಗಿ ಕಪ್ಪಾಗಿರ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿ ಆಳಿದ ಕೋಟೆ ಇದು. ಈ ಕಡೆಯ ಕಾಳುಮೆಣಸಿನ ವ್ಯಾಪಾರ ಅವಳ ಕೈಯಲ್ಲಿದ್ದುದರಿಂದ ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದರು. ಇವರು ಕೋಟೆಯೊಳಗಿನ ಬಾವಿಗಳನ್ನು ನೋಡ್ತಾ ಮೆಟ್ಟಿಲು ಹೇಗೆ ಕಟ್ಟಿದ್ದಾರೆ ಅಂತ ಲೆಕ್ಕ ಹಾಕ್ತಿದ್ದರು. ಅಂಗಡಿಯಲ್ಲಿ ನಾನು ನೋಡೋದು ಬಿಲ್ ಬರೆಯುವ ಮನುಷ್ಯನನ್ನು. ಇವರಿಗೆ ಕಲ್ಲು ಕಟ್ಟಡದ ಮೇಲೆ ಇಷ್ಟು ಆಸಕ್ತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಬುಧವಾರ ಯಾಣ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಅಂತ ನಮ್ಮಜ್ಜಿ ಹೇಳ್ತಿದ್ದರು. ಆಗ ಕಾಡಿನಲ್ಲಿ ನಡೆದೇ ಹೋಗಬೇಕಿತ್ತು, ಈಗ ಹತ್ತಿರದವರೆಗೂ ರಸ್ತೆ ಇದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಪ್ಪು ಬಂಡೆ, ಮೇಲೆ ಹೆಜ್ಜೇನು ಗೂಡು, ಕೆಳಗೆ ಗುಹೆಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ನೀರು. ಬೆಳಿಗ್ಗೆ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಈ ತಿಂಗಳಲ್ಲಿ ಹೋಗುವವರು ಒಂದು ಪೊಟ್ಟಣ ಉಪ್ಪು ಇಟ್ಕೊಳ್ಳಿ, ಉಂಬಳ (ಜಿಗಣೆ) ಇನ್ನೂ ಇರ್ತವೆ. ನನ್ನ ಕಾಲಿಗೆ ಮೂರು ಹತ್ತಿದ್ದವು.

ಅಲ್ಲಿಂದ ಹಾಗೇ ಘಟ್ಟ ಹತ್ತಿ ಶಿರಸಿ ಕಡೆಯ ನನ್ನ ಗೆಳತಿಯ ಮನೆಗೆ ಹೋದೆವು. ಮಾರನೇ ದಿನ ಭೂಮಿ ಹುಣ್ಣಿಮೆ. ಭೂಮಿ ತಾಯಿ ಈಗ ಬಸುರಿ, ಅವಳಿಗೆ ಬಯಕೆ ಊಟ ಬಡಿಸುವ ಹಬ್ಬ. ಗೆಳತಿ ಹಿಂದಿನ ವಾರವೇ ಬುಟ್ಟಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದಿಟ್ಟಿದ್ದಳು. ಹೆಂಗಸರಿಗೆ ಆ ರಾತ್ರಿ ನಿದ್ದೆ ಇಲ್ಲ. ನಾನೂ ಸೊಪ್ಪು ಹೆಚ್ಚುತ್ತಾ ಕೂತೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೊರಟಾಗ ಇವರೂ ದೊಂದಿ ಹಿಡಿದು ಜೊತೆಗೆ ಹೋದರು. ಗದ್ದೆಯಲ್ಲಿ ತೆನೆ ತುಂಬಿ ಬಾಗಿತ್ತು. ತೆನೆಯ ಬುಡಕ್ಕೆ ಅನ್ನ ಬೀರುವಾಗ ಯಾರೂ ಜೋರಾಗಿ ಮಾತಾಡಲಿಲ್ಲ.

ಶುಕ್ರವಾರ ಎಲ್ಲಿಗೂ ಹೋಗಲಿಲ್ಲ. ನಿದ್ದೆ ಮಾಡಿದೆವು. ಸಂಜೆ ಆರೂಕಾಲಕ್ಕೆ ವನ್ನಳ್ಳಿಯಲ್ಲಿ ಸೂರ್ಯ ಮುಳುಗಿದ, ಸ್ವಲ್ಪ ಹೊತ್ತಿಗೇ ಬೆನ್ನ ಹಿಂದೆ ಚಂದ್ರ ಬಂದ.

ಶನಿವಾರದ್ದೇ ಹೇಳಬೇಕಾದದ್ದು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬಾ ಏರ್ತದೆ, ತುಂಬಾ ಇಳೀತದೆ. ನಮ್ಮ ಕಡೆ ಹುಣ್ಣಿಮೆ ದಿನ ಐದು ಗಂಟೆ ಹೊತ್ತಿಗೆ ಇಳಿತ. ಆಮೇಲೆ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ಮುಂದಕ್ಕೆ ಹೋಗ್ತದೆ. ಹಾಗಾಗಿ ಎರಡು ದಿನ ಕಳೆದರೆ ಬೆಳಿಗ್ಗೆ ಏಳರ ಸುಮಾರಿಗೆ ಅಘನಾಶಿನಿ ನದಿ ಸಮುದ್ರ ಸೇರುವ ಕೋಡಿಯಲ್ಲಿ ನೀರು ತಳ ಕಂಡಿರ್ತದೆ. ಈ ಲೆಕ್ಕ ಹಾಕಿ ನಾವು ಮಾಣಿಕಟ್ಟಾ ಕಡೆ ಹೊರಟೆವು. ಈ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಅದಕ್ಕೇ ಘಟ್ಟದ ಸಿಹಿ ನೀರೂ ಮಣ್ಣೂ ಇನ್ನೂ ಸಮುದ್ರದವರೆಗೆ ಬರ್ತವೆ, ಇಲ್ಲಿ ಬಳಚು (ಕೆಸರಿನ ಚಿಪ್ಪುಮೀನು), ಶೆಟ್ಲಿ (ಸಿಗಡಿ), ಮೀನು ಎಲ್ಲ ಅದರಿಂದಲೇ.

ಸೊಂಟದ ಮಟ್ಟ ನೀರಿನಲ್ಲಿ ಹೆಂಗಸರು, ಗಂಡಸರು ಬಳಚು ಹುಡುಕುತ್ತಿದ್ದರು. ಒಬ್ಬರು ಅಕ್ಕ ಮಾತಾಡ್ತಾ ಮಾತಾಡ್ತಾ ಪಾದದಿಂದಲೇ ಕೆಸರು ತಡವುತ್ತಿದ್ದರು. ಮುಖ ನಮ್ಮ ಕಡೆ, ಕಾಲು ಕೆಲಸದಲ್ಲಿ. ಸಿಕ್ಕಿತು ಅಂತ ಗೊತ್ತಾದ ಕೂಡಲೇ ಬಗ್ಗಿ ತೆಗೆದು ಬುಟ್ಟಿಗೆ ಹಾಕೋರು. "ಕಲ್ಲು ಯಾವ್ದು, ಬಳಚು ಯಾವ್ದು ಅಂತ ಕಾಲಿಗೆ ಹೇಗೆ ಗೊತ್ತಾಗ್ತದೆ ಅಕ್ಕಾ?" ಅಂತ ಕೇಳಿದೆ. "ಅನ್ನಕ್ಕೆ ಕೈ ಹಾಕಿದ್ರೆ ಕಲ್ಲು ಗೊತ್ತಾಗೂದಿಲ್ವಾ? ಹಾಂಗೇ" ಅಂದರು.

ಒಡ್ಡಿನ ಆಚೆ ಗಜನಿ, ಅಂದರೆ ಉಪ್ಪು ನೀರು ಬರುವ ತಗ್ಗಿನ ಗದ್ದೆ. ಅಲ್ಲಿ ಕಗ್ಗ ಕೊಯ್ಲು ನಡೀತಿತ್ತು. ಕಗ್ಗ ಅಂದರೆ ಉಪ್ಪು ನೀರು ತಡೆಯುವ ಭತ್ತ. ನಾಟಿ ಇಲ್ಲ, ಗೊಬ್ಬರ ಇಲ್ಲ, ಮಳೆಗಾಲದಲ್ಲಿ ಬಿತ್ತಿದರೆ ಅಕ್ಟೋಬರ್‌ಗೆ ತೆನೆ. ನೀರು ಏರಿದ ಹಾಗೆ ಅದೂ ಎತ್ತರ ಬೆಳೀತದೆ. ಗದ್ದೆಯಲ್ಲಿ ನೀರು ನಿಂತೇ ಇರೋದರಿಂದ ಬುಡಕ್ಕೆ ಕತ್ತಿ ಹಾಕೋದಿಲ್ಲ, ತೆನೆ ಮಾತ್ರ ಕೊಯ್ತಾರೆ, ಹುಲ್ಲು ಅಲ್ಲೇ ಉಳೀತದೆ. ಕೊಯ್ಲು ಆದ ಮೇಲೆ ಅದೇ ಜಾಗದಲ್ಲಿ ಶೆಟ್ಲಿ, ಮೀನು. ಊರವರು ಸೇರಿ ಮಾಡುವ ಬೇಸಾಯ ಇದು, ಒಡ್ಡು ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ನೀರು. ಹಿರಿಯರೊಬ್ಬರು ಒಂದು ತೆನೆ ಕೊಟ್ಟರು. ಕಾಳನ್ನು ಅಂಗೈಯಲ್ಲಿ ಉಜ್ಜಿ ಊದಿದೆ. ಒಳಗೆ ಕೆಂಪು ಅಕ್ಕಿ. ಬಾಯಿಗೆ ಹಾಕಿ ನೋಡಿದೆ, ಗಟ್ಟಿ, ಆಮೇಲೆ ಸಣ್ಣ ಸಿಹಿ. ಇಲ್ಲಿಂದ ಬೈಕ್‌ನಲ್ಲಿ ಅಷ್ಟೇನೂ ದೂರ ಇಲ್ಲದ ಪೇಟೆಯಲ್ಲಿದ್ದುಕೊಂಡು ನಾವು ಎಲ್ಲಿಯದೋ ಪಾಲಿಶ್ ಅಕ್ಕಿ ತಿಂತಿದ್ದೇವೆ ಅಂತ ನಿಜವಾಗಲೂ ಬೇಜಾರಾಯಿತು. ಐದು ಕಿಲೋ ಅಕ್ಕಿ ಎತ್ತಿಡಿ ಅಂತ ಹೇಳಿ ಬಂದೆವು, ಹೋಗಿ ತಂದೂ ಆಯಿತು.

ಬಳಚು ಮನೆಗೆ ತಂದು ಎರಡು ಗಂಟೆ ನೀರಿನಲ್ಲಿ ಇಟ್ಟೆ, ಮರಳು ಬಿಡಬೇಕಲ್ಲ. ಆಮೇಲೆ ಇವರು ಮೆಟ್ಟುಗತ್ತಿ ಮೇಲೆ ಕೂತು ಒಂದೊಂದೇ ಬಿಡಿಸಿದರು, ನಾನು ಕಾಯಿ ತುರಿದೆ. ಹೊರಗೆ ಗುಡುಗು ಶುರುವಾಗಿತ್ತು. ಅವತ್ತು ನಾವು ಮನೆಯೊಳಗಿದ್ದೆವು.

ಭಾನುವಾರ ರೈಲಿನಲ್ಲಿ ಕಾರವಾರ. ಹೋಗುವಾಗ ಎಡಗಡೆ ಕಿಟಕಿ ಹಿಡೀರಿ, ಅಘನಾಶಿನಿ ದಾಟುವಾಗ ನದಿ ಸಮುದ್ರದ ಕಡೆ ಅಗಲವಾಗಿ ಹೋಗೋದು ಕಾಣ್ತದೆ. ಚಾಪಲ್ ಯುದ್ಧನೌಕೆ ನೋಡಿದೆವು. ಬಂಗುಡೆ ಫ್ರೈ, ಸೋಲ್‌ಕಡಿ ಊಟ ಮಾಡಿದೆವು. ಕಡಲ ತೀರಕ್ಕೆ ರವೀಂದ್ರನಾಥ ಟ್ಯಾಗೋರ್ ಹೆಸರು ಯಾಕೆ ಅಂದರೆ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಟ್ಯಾಗೋರರು ಹರೆಯದಲ್ಲಿ ಇಲ್ಲಿ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕೋಡಿಬಾಗದಲ್ಲಿ ನಿಂತು ಸದಾಶಿವಗಡದ ಗುಡ್ಡ ನೋಡುತ್ತಾ ನಾನು ಇದನ್ನು ಹೇಳಿದೆ. ಆಗಸ್ಟ್‌ನಲ್ಲಿ ಕುಸಿದ ಹಳೆ ಸೇತುವೆ ಎದುರಿಗೇ ಇತ್ತು. ಇವರು ತುಂಬಾ ಹೊತ್ತು ಅದನ್ನೇ ನೋಡ್ತಾ ನಿಂತರು.

ಕಾರವಾರಕ್ಕೆ ಒಂದು ದಿನ ಸಾಲಲಿಲ್ಲ. ಸದಾಶಿವಗಡ ಹತ್ತಲಿಲ್ಲ, ಕಾಳಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮರದ ದಾರಿಯಲ್ಲಿ ನಡೀಲಿಲ್ಲ, ಮಾಜಾಳಿ ಹತ್ತಿರದ ತಿಳಮಾತಿಯ ಕಪ್ಪು ಮರಳು ನೋಡಲಿಲ್ಲ. ಮುಂದಿನ ಸಲ ಅಲ್ಲೇ ಎರಡು ರಾತ್ರಿ ಉಳಿಯೋದು, ತಿಳಮಾತಿಗೆ ಇಳಿತದ ಹೊತ್ತು ನೋಡಿಕೊಂಡು ಹೋಗೋದು ಅಂತ ಇದೆ. ಅಂಗಡಿ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಿಗೆಲ್ಲ ಇವರು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ.