‘ಶಿಸ್ತು ಕಲಿತೆ’ ಅನ್ನೋದು ಬಿಟ್ಟು ಬೇರೆ ಹೇಳಪ್ಪ

ಪ್ರತಿ ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಐದು ನಿಮಿಷ ಮಾತಾಡಬೇಕು. ಇಲ್ಲಿನ ಬದುಕಿನಲ್ಲಿ ತಾನು ಕಂಡದ್ದೇ ವಿಷಯ. ಮೈಸೂರಿನ ಹೊರಗಿರುವ ಖಾಸಗಿ ವಸತಿ ಶಾಲೆ, ಬರೀ ಗಂಡುಹುಡುಗರದ್ದು. ನಾನಲ್ಲಿ ಕನ್ನಡ ಮೇಷ್ಟ್ರು, ಜೊತೆಗೆ ಒಂದು ಹಾಸ್ಟೆಲಿನ ವಾರ್ಡನ್. ಹುಡುಗರನ್ನು ಈ ಮಾತಿಗೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಹಿಂದಿನ ವರ್ಷಗಳ ಭಾಷಣಗಳ ಫೈಲು ತರಿಸಿ ಓದಿದೆ. ಎಲ್ಲರೂ ಸಮಯಪಾಲನೆ ಕಲಿತಿದ್ದರು. ಎಲ್ಲರೂ ಶಿಸ್ತು, ಸಹಬಾಳ್ವೆ, ಹೊಂದಾಣಿಕೆ ಕಲಿತಿದ್ದರು. ಹೆಸರು ಅಳಿಸಿಬಿಟ್ಟರೆ ಯಾವುದು ಯಾರದ್ದೆಂದು ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ.

ಹುಡುಗರನ್ನು ದೂರುವ ಹಾಗಿಲ್ಲ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಆ ಚೌಕಟ್ಟು ಪರೀಕ್ಷೆಗೆ ಸರಿ. ಸ್ವಂತ ಮಾತನ್ನೂ ಅದರೊಳಗೆ ತುರುಕಿದರೆ ಉಪಸಂಹಾರದಲ್ಲಿ ನೀತಿ ಬಾರದೆ ಇನ್ನೇನು ಬಂದೀತು?

ನಾನು ಹಾಕಿಕೊಂಡ ಕಟ್ಟಳೆ ಸರಳ. ಯಾವ ಸದ್ಗುಣದ ಹೆಸರನ್ನೂ ಎತ್ತುವಂತಿಲ್ಲ. ಒಂದೇ ವಸ್ತು ಅಥವಾ ಒಂದೇ ಜಾಗದ ಬಗ್ಗೆ ಮಾತಾಡಬೇಕು. ಚೀಟಿ ನೋಡಿ ಓದುವಂತಿಲ್ಲ. ಕಷ್ಟವಿದ್ದದ್ದು ಅವರ ಬಾಯಿ ಬಿಡಿಸುವುದರಲ್ಲಿ. ‘ಇಲ್ಲಿ ಏನು ಕಲಿತೆ’ ಎಂದು ಕೇಳಿದರೆ ಮತ್ತೆ ಶಿಸ್ತಿಗೇ ಹೋಗಿ ನಿಲ್ಲುತ್ತಾರೆ. ‘ದಿನಾ ನಿನಗೆ ಸಿಟ್ಟು ಬರೋ ಜಾಗ ಯಾವುದೋ?’ ಎಂದು ಕೇಳಿದರೆ ಮಾತು ಹರಿಯುತ್ತದೆ. ಅದೂ ಸ್ಟಾಫ್ ರೂಮಿನಲ್ಲಿ ಎದುರಿಗೆ ಕೂರಿಸಿಕೊಂಡಲ್ಲ. ಹದಿನಾಲ್ಕು ಹದಿನೈದರ ಹುಡುಗರು ಮುಖ ನೋಡಿಕೊಂಡು ಮಾತಾಡುವುದಿಲ್ಲ, ಪಕ್ಕದಲ್ಲಿ ನಡೆಯುತ್ತಾ ಮಾತಾಡುತ್ತಾರೆ. ರಾತ್ರಿ ಸ್ಟಡಿ ಮುಗಿದ ಮೇಲೆ ಮೈದಾನದ ಸುತ್ತ ಒಂದೆರಡು ಸುತ್ತು ಹಾಕಿದರೆ ಸಾಕು. ಇದು ನನಗೆ ಗಟ್ಟಿಯಾದದ್ದು ಚಾಮುಂಡಿ ಬೆಟ್ಟ ಹತ್ತುವಾಗ. ವರ್ಷಕ್ಕೊಮ್ಮೆ ಹುಡುಗರನ್ನು ಮೆಟ್ಟಿಲ ದಾರಿಯಲ್ಲೇ ಕರೆದೊಯ್ಯುತ್ತೇವೆ. ದೊಡ್ಡದೇವರಾಜ ಒಡೆಯರ ಕಾಲದ ಆ ದೊಡ್ಡ ನಂದಿಯ ಹತ್ತಿರ ಬರುವ ಹೊತ್ತಿಗೆ, ತರಗತಿಯಲ್ಲಿ ಒಬ್ಬರಿಗೊಬ್ಬರು ಮಾತೇ ಆಡದವರು ಏದುಸಿರು ಬಿಡುತ್ತಾ ಮನೆಯ ಸುದ್ದಿಯನ್ನೆಲ್ಲ ಹೇಳಿಕೊಂಡಿರುತ್ತಾರೆ.

ಮಂಡ್ಯದ ಕಡೆಯ ಒಬ್ಬ ಹುಡುಗ ಹುಳಿ ಬಡಿಸುವ ಸೌಟಿನ ಬಗ್ಗೆ ಮಾತಾಡಿದ. ನಮ್ಮಲ್ಲಿ ಊಟಕ್ಕೆ ಹುಡುಗರೇ ಸರದಿಯ ಮೇಲೆ ಬಡಿಸಬೇಕು. ಮೊದಲ ದಿನ ಬಕೆಟ್ಟಿನ ಮೇಲ್ಮೇಲಿಂದ ಎತ್ತಿ ಹಾಕುತ್ತಾ ಹೋದನಂತೆ. ಮೊದಲ ಸಾಲಿನವರಿಗೆ ಬರೀ ತಿಳಿ, ಕೊನೆಯ ಸಾಲಿನವರ ತಟ್ಟೆ ತುಂಬ ಹೋಳು. ಅಡುಗೆಯವರು ಒಳಗಿಂದಲೇ ‘ತಳ ಕಲಕಿ ಬಡಿಸೋ’ ಅಂತ ಕೂಗಿದರು. ಕಲಕುವುದನ್ನು ಕಲಿತ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಸೌಟು ಎಷ್ಟು ಆಳಕ್ಕೆ ಇಳಿಯಬೇಕು ಅನ್ನುವುದು ತನ್ನ ಕೈಯಲ್ಲೇ ಇದೆ! ರೂಮಿನ ಗೆಳೆಯ ಕೂತಿದ್ದರೆ ತಳದಿಂದ. ಫುಟ್‌ಬಾಲಿನಲ್ಲಿ ಕಾಲು ಕೊಟ್ಟು ಬೀಳಿಸಿದವನಾದರೆ ಮೇಲಿಂದ. ‘ನಾನು ತಟ್ಟೆ ನೋಡಿ ಬಡಿಸ್ತಾ ಇರ್ಲಿಲ್ಲ, ಮುಖ ನೋಡಿ ಬಡಿಸ್ತಾ ಇದ್ದೆ’ ಅಂದ. ಹಾಲ್ ಹಾಲೇ ನಕ್ಕಿತು. ಅಲ್ಲಿಗೆ ನಿಲ್ಲಿಸಿ ಬಂದು ಕೂತುಬಿಟ್ಟ. ಅಂದು ಮಧ್ಯಾಹ್ನ ಊಟದ ಮನೆಯಲ್ಲಿ ಎಂಟನೇ ತರಗತಿಯ ಚಿಕ್ಕವರೆಲ್ಲ ಬಡಿಸುವವರ ಕೈಯನ್ನೇ ನೋಡುತ್ತಿದ್ದರು. ಬಡಿಸುವ ಅಣ್ಣಂದಿರು ಬೇಕಾದ್ದಕ್ಕಿಂತ ಜೋರಾಗಿಯೇ ಕಲಕುತ್ತಿದ್ದರು. ಸಮಾನತೆಯ ಮೇಲೆ ನಾನು ಮಾಡಬಹುದಾಗಿದ್ದ ಯಾವ ಪಾಠಕ್ಕೂ ಇಷ್ಟು ಬೇಗ ಫಲ ಸಿಗುತ್ತಿರಲಿಲ್ಲ.

ರಾಯಚೂರಿನ ಹುಡುಗನದ್ದು ಬೇರೆ ಥರ. ಇಂಗ್ಲಿಷ್ ಮಾಧ್ಯಮದ ಶಾಲೆ ಆದ್ದರಿಂದ ಅವನು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ತಯಾರಾಗಿ ಬಂದಿದ್ದ. ಮೈದಾನ ಸುತ್ತುವಾಗ ಹೇಳಿದ್ದು ಮಾತ್ರ ಟೆಲಿಫೋನಿನ ಕಥೆ. ನಮ್ಮಲ್ಲಿ ಮೊಬೈಲ್ ಇಲ್ಲ. ಭಾನುವಾರ ಆಫೀಸಿನ ಫೋನಿಗೆ ಸಾಲು ನಿಂತು ಮನೆಗೆ ಮಾತಾಡಬೇಕು. ಅವನು ಮಾತಾಡುವಾಗ ಹಿಂದೆ ನಿಂತವರು ಅವನ ‘ಹೌದ್ರಿ’, ‘ಬ್ಯಾಡ್ರಿ’ಗಳನ್ನು ಅಣಕಿಸುತ್ತಿದ್ದರು. ಬೆಂಗಳೂರು, ಮೈಸೂರು, ಕೊಡಗಿನ ಹುಡುಗರಿಗೆ ಅದು ತಮಾಷೆ. ಇವನು ಬರಬರುತ್ತಾ ಫೋನಿನಲ್ಲಿ ‘ಹೂಂ’, ‘ಹಾಂ’ ಬಿಟ್ಟು ಬೇರೆ ಮಾತೇ ಆಡದಾದ. ನಿನ್ನ ಮಾತಿನಲ್ಲೇ ಹೇಳು, ಇಂಗ್ಲಿಷ್ ಬೇಡ ಎಂದೆ. ಎರಡು ದಿನ ಯೋಚನೆ ಮಾಡಿ ಒಪ್ಪಿದ. ‘ನಮ್ಮವ್ವ ಕೇಳಿದ್ಲು, ಯಾಕಪಾ, ಆರಾಮ ಇಲ್ಲೇನು ಅಂತ. ನಾ ಹೂಂ ಅಂದೆ. ಆರಾಮ ಅದೀನಿ ಅಂತ ಹೂಂ ಅಂದೆನೋ, ಆರಾಮ ಇಲ್ಲ ಅಂತ ಹೂಂ ಅಂದೆನೋ, ಆಕಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ’ ಅಂದ. ಈ ಸಲ ಯಾರೂ ನಗಲಿಲ್ಲ. ಅಣಕ ಅಲ್ಲಿಗೇ ನಿಂತಿತೆಂದು ನಾನು ಹೇಳಲಾರೆ, ಹಾಸ್ಟೆಲು ಅಂದ ಮೇಲೆ ಅಡ್ಡಹೆಸರು, ಅಣಕ ಇದ್ದದ್ದೇ. ಆದರೆ ಫೋನಿನ ಮೇಜನ್ನು ಸಾಲಿನಿಂದ ದೂರ, ಕಿಟಕಿಯ ಮೂಲೆಗೆ ಸರಿಸಿದೆವು. ಅದನ್ನು ಯಾವತ್ತೋ ಮಾಡಬಹುದಿತ್ತು, ಯಾರಿಗೂ ತೋಚಿರಲಿಲ್ಲ.

ಇದನ್ನು ಓದಿ ತಮ್ಮ ಶಾಲೆಯಲ್ಲೂ ಮಾಡಿಸಬೇಕು ಅನ್ನುವವರಿಗೆ ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಹುಡುಗರ ಬಾಯಿ ಬಿಡಿಸಿದರೆ ಸೌಟು, ಫೋನಷ್ಟೇ ಹೊರಗೆ ಬರುವುದಿಲ್ಲ. ಹೊಡೆತದ ಮಾತು ಬರಬಹುದು, ಅದಕ್ಕಿಂತ ಕೆಟ್ಟದ್ದೂ ಬರಬಹುದು. ಅದು ವೇದಿಕೆಗೆ ಹೋಗುವ ವಿಷಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಶಾಲೆಯ ಮರ್ಯಾದೆ, ಮನೆಯವರ ಮರ್ಯಾದೆ ಎಂದು ಕೂರುವ ಹಾಗಿಲ್ಲ. ಆದ್ದರಿಂದ ನಾನು ಮೈದಾನಕ್ಕೆ ಇಳಿಯುವ ಮೊದಲೇ ಹೇಳಿಬಿಡುತ್ತೇನೆ: ‘ನೀನು ಹೇಳಿದ್ದೆಲ್ಲ ಗುಟ್ಟಾಗಿಟ್ಕೋತೀನಿ ಅಂತ ಮಾತು ಕೊಡಲ್ಲ ಕಣೋ. ನಿನಗೆ ತೊಂದರೆ ಆಗ್ತಿದ್ರೆ ಹೇಳಬೇಕಾದವರಿಗೆ ಹೇಳ್ತೀನಿ.’ ಮಕ್ಕಳ ಸಹಾಯವಾಣಿ 1098ನ್ನು ನೀರಿನ ಫಿಲ್ಟರಿನ ಮೇಲೆ ಬರೆಸಿದ್ದೇನೆ. ನೋಟಿಸ್ ಬೋರ್ಡನ್ನು ಯಾವ ಹುಡುಗನೂ ಓದುವುದಿಲ್ಲ.

ಹಿರಿಯ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದೆಲ್ಲ ಹಿಡಿಸಿಲ್ಲ. ಅವರ ವಾದದಲ್ಲೂ ಹುರುಳಿದೆ. ಯಾದವಗಿರಿಯಲ್ಲಿ 1953ರಲ್ಲಿ ಶುರುವಾದ ರಾಮಕೃಷ್ಣ ವಿದ್ಯಾಶಾಲೆಯಂಥ ವಸತಿ ಶಾಲೆ ಇರುವ ಊರು ಇದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಂಜೆ ಸಾವಿರಾರು ಮಕ್ಕಳು ಬಯಲಿನಲ್ಲಿ ಕೂತು ಒಟ್ಟಿಗೆ ಪ್ರಾರ್ಥನೆ ಮಾಡುವುದನ್ನು ಕಂಡವರಿಗೆ, ಕೂಡಿ ಬಾಳುವುದಕ್ಕೆ ಭಾಷಣವೇ ಬೇಕಿಲ್ಲ ಅನ್ನಿಸುವುದು ಸಹಜ. ಸಾಲಾಗಿ ಕೂತು ಮಂತ್ರ ಹೇಳಿ ಉಣ್ಣುವುದೇ ಪಾಠ, ಅದರ ಮೇಲೆ ಹುಡುಗರ ಟೀಕೆ ಯಾಕೆ ಎಂದು ಕೇಳುತ್ತಾರೆ. ನನಗೆ ಅನ್ನಿಸುವುದಿಷ್ಟು: ಮಂತ್ರ ಎಲ್ಲರದ್ದೂ ಒಂದೇ, ತಟ್ಟೆಗೆ ಬಿದ್ದ ಹೋಳು ಒಂದೇ ಅಲ್ಲವಲ್ಲ. ಪ್ರಿನ್ಸಿಪಾಲರು ನಡುದಾರಿ ಹುಡುಕಿದ್ದಾರೆ. ಪಾಲಕರ ಸಭೆಗೆ ಹಳೆಯ ಮಾದರಿಯ ಭಾಷಣ, ಶುಕ್ರವಾರಕ್ಕೆ ನಮ್ಮದು.

ಬರುವ ಶುಕ್ರವಾರದ ಹುಡುಗ ಬಿಸಿನೀರನ್ನು ಆರಿಸಿಕೊಂಡಿದ್ದಾನೆ. ಆಷಾಢದ ಮೋಡಕ್ಕೆ ಸೋಲಾರ್ ಸರಿಯಾಗಿ ಕಾಯುವುದಿಲ್ಲ; ಕತ್ತಲಿರುವಾಗಲೇ ಎದ್ದು ಬಕೆಟ್ಟಿನ ಮೇಲೆ ಬಕೆಟ್ಟು ತುಂಬಿಕೊಳ್ಳುವವರು ಯಾರ್ಯಾರೆಂದು ಅವನಿಗೆ ಗೊತ್ತು. ಹೆಸರು ಎತ್ತಬೇಡ ಅಂದಿದ್ದೇನೆ. ಅಂದು ಆಡಳಿತ ಮಂಡಳಿಯವರೂ ಬರುತ್ತಾರಂತೆ. ‘ಹೀಟರ್ ವಿಷಯ ಕೇಳ್ಲಾ ಸರ್?’ ಅಂದ. ಕೇಳು ಅಂದೆ.